‘ಯೂರೋಸೆಪ್ಸಿಸ್’ ಅಂತ ಬರೆದಿದ್ದಾರೆ, ಕೋಡ್ ಏನು ಹಾಕೋದು? ಒಂದೇ ಚಾರ್ಟ್‌ನಲ್ಲಿ ಮೂರು ತಪ್ಪು ಬಂತು

ಐರೋಲಿ_ಗೂಬೆ

ಬೆಳಗ್ಗೆ ಆರೂವರೆ. ಈಗಷ್ಟೇ ಕ್ಯಾಬ್ ಇಳಿದು ನವಿ ಮುಂಬೈ ಘನ್ಸೋಲಿಯ ರೂಮಿಗೆ ಬಂದೆ. ನಿದ್ದೆ ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಇನ್‌ಪೇಶಂಟ್ ಚಾರ್ಟ್‌ಗಳಿಗೆ ಕೋಡ್ ಹಾಕುವ ಕೆಲಸಕ್ಕೆ, ಅಂದರೆ ಆಸ್ಪತ್ರೆಗೆ ಸೇರಿದ್ದ ರೋಗಿಯ ದಾಖಲೆ ಓದಿ ಪ್ರತಿ ಕಾಯಿಲೆಗೂ ಪುಸ್ತಕದಲ್ಲಿರುವ ಸಂಖ್ಯೆ ಕೊಡುವ ಕೆಲಸಕ್ಕೆ, ಸೇರಿ ಎಂಟು ತಿಂಗಳಾಯಿತು. ನಿನ್ನೆ ರಾತ್ರಿ ಆಡಿಟ್ ಬಂತು. ಒಂದೇ ಚಾರ್ಟ್‌ನಲ್ಲಿ ಮೂರು ಕೆಂಪು. ನಮ್ಮಲ್ಲಿ 95%ಗಿಂತ ಕೆಳಗೆ ಇಳಿದರೆ ಟೀಮ್ ಲೀಡ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ. ಆ ಕುರ್ಚಿಯ ಸದ್ದಿಗೇ ಹೊಟ್ಟೆ ಕಲಸುತ್ತದೆ.

ಗುರುತು ಸಿಗುವ ವಿವರ ತೆಗೆದು ಹೇಳುತ್ತೇನೆ. ವಯಸ್ಸಾದ ಹೆಂಗಸು. ಜ್ವರ, ಚಳಿ, ಉರಿಮೂತ್ರ. ಯೂರಿನ್ ಕಲ್ಚರ್‌ನಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಬೆಳೆದಿದೆ. ಬ್ಲಡ್ ಕಲ್ಚರ್‌ನಲ್ಲಿ ಏನೂ ಇಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರ್ ಬರೆದದ್ದು ಇಷ್ಟೇ: ‘ಇ. ಕೋಲಿ ಯೂರೋಸೆಪ್ಸಿಸ್. ಟೈಪ್ 2 ಡಯಾಬಿಟಿಸ್, ಇನ್ಸುಲಿನ್ ಮೇಲೆ. ಹೈಪರ್‌ಟೆನ್ಷನ್. ಸಿಕೆಡಿ ಸ್ಟೇಜ್ 3ಬಿ.’ ಸಿಕೆಡಿ ಅಂದರೆ ಕ್ರಾನಿಕ್ ಕಿಡ್ನಿ ಡಿಸೀಸ್, ದೀರ್ಘಕಾಲದ ಕಿಡ್ನಿ ಕಾಯಿಲೆ.

ನಾನು ಹಾಕಿದ್ದು: ಎ41.51, ಎನ್39.0 (ಮೂತ್ರದ ಸೋಂಕು), ಇ11.9 (ತೊಡಕಿಲ್ಲದ ಟೈಪ್ 2 ಡಯಾಬಿಟಿಸ್), ಐ10 (ಬರೀ ಬಿಪಿ), ಎನ್18.32, ಝಡ್79.4.

ಮೊದಲನೆಯದು, ಮೂರನೆಯದು, ನಾಲ್ಕನೆಯದು ತಪ್ಪಂತೆ. ಎ41.51 ಅಂದರೆ ಇ. ಕೋಲಿಯಿಂದ ಬಂದ ಸೆಪ್ಸಿಸ್, ಸೋಂಕು ಮೈಗೆಲ್ಲ ಏರಿ ಜೀವಕ್ಕೆ ಅಪಾಯ ತರುವ ಸ್ಥಿತಿ. ಚಾರ್ಟ್‌ನಲ್ಲಿ ಇ. ಕೋಲಿ ಇದೆ, ಸೆಪ್ಸಿಸ್ ಅನ್ನುವ ಪದವೂ ಇದೆ. ಇನ್ನೇನು ಬೇಕು ಇವರಿಗೆ?

ಎಕ್ಸ್‌ಕ್ಲೂಡ್ಸ್_ಒನ್

ತಮ್ಮಾ, ನಾನು ಠಾಣೆಯಲ್ಲಿ ಹನ್ನೊಂದು ವರ್ಷದಿಂದ ಆಡಿಟ್ ಮಾಡುತ್ತಿದ್ದೇನೆ. ಕುರ್ಚಿ ಎಳೆಯುವ ಜಾತಿ ನಮ್ಮದೇ. ಸಿಟ್ಟು ಬೇಡ, ಕೇಳು.

ಯೂರೋಸೆಪ್ಸಿಸ್ ಡಾಕ್ಟರ ಬಾಯಿಮಾತು. ಒಬ್ಬರು ಅದನ್ನು ಬರೀ ಮೂತ್ರದ ಸೋಂಕು ಅನ್ನುವ ಅರ್ಥದಲ್ಲಿ ಬರೆಯುತ್ತಾರೆ. ಇನ್ನೊಬ್ಬರು ಮೂತ್ರದಲ್ಲಿ ಶುರುವಾದ ಸೋಂಕು ಮೈಗೆಲ್ಲ ಏರಿದೆ ಅಂತ ಬರೆಯುತ್ತಾರೆ. ಇಬ್ಬರ ಕೈಯಲ್ಲೂ ಪದ ಒಂದೇ. ಅದಕ್ಕೇ ಅಮೆರಿಕದ ಕೋಡ್ ಪುಸ್ತಕವಾದ ಐಸಿಡಿ-10-ಸಿಎಂನ ಗೈಡ್‌ಲೈನ್ ಸುತ್ತಿಬಳಸದೆ ಹೇಳುತ್ತದೆ: ಈ ಪದ ಸೆಪ್ಸಿಸ್‌ಗೆ ಸಮ ಅಲ್ಲ, ಇಂಡೆಕ್ಸ್‌ನಲ್ಲಿ ಇದಕ್ಕೆ ಕೋಡ್ ಇಲ್ಲ, ಡಾಕ್ಟರಿಗೆ ಕ್ವೆರಿ, ಅಂದರೆ ಬರೆದ ಪ್ರಶ್ನೆ, ಕಳಿಸಲೇಬೇಕು. ನೀನು ಕಳಿಸಲಿಲ್ಲ, ಊಹೆ ಮಾಡಿದೆ.

ಆ ಊಹೆಗೆ ಎಷ್ಟು ತೂಕ ನೋಡು. ಸೆಪ್ಸಿಸ್ ಮೊದಲ ಸಾಲಿಗೆ ಬಂದರೆ ಬಿಲ್ ಡಿಆರ್‌ಜಿ 871 ಅಥವಾ 872ಕ್ಕೆ ಹೋಗುತ್ತದೆ (ಡಿಆರ್‌ಜಿ ಅಂದರೆ ಆಸ್ಪತ್ರೆಗೆ ಎಷ್ಟು ದುಡ್ಡು ಅಂತ ತೀರ್ಮಾನಿಸುವ ಗುಂಪು). ಬರೀ ಮೂತ್ರದ ಸೋಂಕಾದರೆ 689 ಅಥವಾ 690. ಸೆಪ್ಸಿಸ್‌ಗೆ ದುಡ್ಡು ಜಾಸ್ತಿ. ಇನ್ಶೂರೆನ್ಸ್‌ನವರು ಇಂಥ ಚಾರ್ಟ್‌ಗಳನ್ನೇ ಹುಡುಕಿ ತೆಗೆಯುತ್ತಾರೆ.

ಬ್ಲಡ್ ಕಲ್ಚರ್ ನೆಗೆಟಿವ್ ಅನ್ನುವುದು ಇಲ್ಲಿ ದೊಡ್ಡ ವಿಷಯ ಅಲ್ಲ. ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೂ ರೋಗಿಗೆ ಸೆಪ್ಸಿಸ್ ಇರಬಹುದು, ಡಾಕ್ಟರ್ ಹಾಗೆಂದು ಬರೆದರೆ ಕೋಡ್ ಹಾಕಬಹುದು. ಹಾಗೇ ಲ್ಯಾಬ್ ರಿಪೋರ್ಟ್‌ನಲ್ಲಿ ಏನೋ ಕಂಡಿತು ಅಂತ ನಾವೇ ರೋಗದ ಹೆಸರು ಇಡುವ ಹಾಗೂ ಇಲ್ಲ. ಬರೆಯಬೇಕಾದವರು ಡಾಕ್ಟರ್.

ಉಳಿದ ಎರಡು ತಪ್ಪು ಬೇರೆ ಥರದವು. ಇಂಡೆಕ್ಸ್‌ನಲ್ಲಿ ಡಯಾಬಿಟಿಸ್ ತೆಗೆ. ಅದರ ಕೆಳಗೆ ‘ವಿತ್’ ಅಂತ ಒಂದು ಪದ, ಅದರ ಕೆಳಗೆ ಉದ್ದನೆಯ ಪಟ್ಟಿ. ಅದರಲ್ಲಿ ಕ್ರಾನಿಕ್ ಕಿಡ್ನಿ ಡಿಸೀಸ್ ಇದೆ. ಅಂದರೆ ಎರಡೂ ಚಾರ್ಟ್‌ನಲ್ಲಿದ್ದರೆ ಪುಸ್ತಕವೇ ಅವಕ್ಕೆ ಸಂಬಂಧ ಕಟ್ಟಿಬಿಡುತ್ತದೆ. ‘ಡಯಾಬಿಟಿಸ್‌ನಿಂದ ಕಿಡ್ನಿ ಹೋಯಿತು’ ಅಂತ ಡಾಕ್ಟರ್ ಬಿಡಿಸಿ ಬರೆಯಬೇಕಿಲ್ಲ. ಸಂಬಂಧ ಇಲ್ಲ ಅಂತ ಬರೆದಿದ್ದರೆ ಮಾತ್ರ ಬಿಡಬೇಕು. ಬಿಪಿಗೂ ಕಿಡ್ನಿಗೂ ಇದೇ ಮಾತು. ಹಾಗಾಗಿ ಇ11.9 ಅಲ್ಲ, ಇ11.22 (ಕಿಡ್ನಿ ಕಾಯಿಲೆ ಜೊತೆಗಿನ ಡಯಾಬಿಟಿಸ್). ಐ10 ಅಲ್ಲ, ಐ12.9 (ಕಿಡ್ನಿ ಕಾಯಿಲೆ ಜೊತೆಗಿನ ಬಿಪಿ). ಸ್ಟೇಜ್ ಹೇಳಲು ಎನ್18.32, ಇನ್ಸುಲಿನ್‌ಗೆ ಝಡ್79.4. ಆ ಎರಡು ನೀನು ಸರಿಯಾಗೇ ಹಾಕಿದ್ದೀಯ.

ಐರೋಲಿ_ಗೂಬೆ

ಅಣ್ಣಾ, ಇದು ಯಾವ ನ್ಯಾಯ? ಇ. ಕೋಲಿಗೂ ಸೆಪ್ಸಿಸ್‌ಗೂ ನಾನು ಸಂಬಂಧ ಕಟ್ಟಿದರೆ ತಪ್ಪು. ಸಕ್ಕರೆ ಕಾಯಿಲೆಗೂ ಕಿಡ್ನಿಗೂ ಕಟ್ಟದಿದ್ದರೆ ತಪ್ಪು.

ಎಕ್ಸ್‌ಕ್ಲೂಡ್ಸ್_ಒನ್

ಹೂಂ, ಅದೇ ಈ ಕೆಲಸದ ಮಜಾ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇರುತ್ತದೆ, ಕಿಡ್ನಿಗೆ ಏನು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಪುಸ್ತಕ ಮುಂಚೆಯೇ ಒಪ್ಪಿಕೊಂಡಿದೆ. ಸೋಂಕು ಹಾಗಲ್ಲ. ಇವತ್ತು ಬಂದದ್ದು, ಯಾವ ಕ್ರಿಮಿ, ಎಲ್ಲಿ ಕೂತಿದೆ, ಎಷ್ಟು ಹರಡಿದೆ ಅಂತ ರೋಗಿಯ ಪಕ್ಕ ನಿಂತವರೇ ಹೇಳಬೇಕು. ಐರೋಲಿಯಲ್ಲಿ ಎಸಿ ಕೆಳಗೆ ಕೂತ ನಿನಗೆ ಹೇಗೆ ಗೊತ್ತಾಗುತ್ತದೆ?

‘ವಿತ್’ ಸಿಕ್ಕಿತು ಅಂತ ಎಲ್ಲಕ್ಕೂ ಗಂಟು ಹಾಕಬೇಡ ಮತ್ತೆ. ಪಟ್ಟಿಯಲ್ಲಿ ಹೆಸರಿಟ್ಟು ಬರೆದಿದ್ದಕ್ಕೆ ಮಾತ್ರ ಅದು. ಡಯಾಬಿಟಿಸ್ ಇರುವವರ ಕಾಲಿಗೆ ಸೆಲ್ಯುಲೈಟಿಸ್ (ಚರ್ಮದ ಸೋಂಕು) ಆದರೆ ಡಾಕ್ಟರ್ ಸಂಬಂಧ ಬರೆಯದೆ ಗಂಟು ಹಾಕುವ ಹಾಗಿಲ್ಲ.

ರೆಕಾರ್ಡ್‌ರೂಮ್_ಅಕ್ಕ

ನಾನು ಪುಣೆಯಲ್ಲಿ ಒಂದು ಆಸ್ಪತ್ರೆಯ ಎಂಆರ್‌ಡಿಯಲ್ಲಿ, ಅಂದರೆ ರೋಗಿಗಳ ದಾಖಲೆ ಇಡುವ ವಿಭಾಗದಲ್ಲಿದ್ದೇನೆ, ಹದಿನೇಳು ವರ್ಷ ಆಯಿತು. ನಿಮ್ಮದು ಅಮೆರಿಕದ ಪುಸ್ತಕ, ನಮ್ಮದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ನಿಮಗೆ ಪ್ರತಿ ಅಕ್ಟೋಬರ್ 1ಕ್ಕೆ ಹೊಸ ಕೋಡ್ ಬರುತ್ತದೆ. ನಮ್ಮ ರೂಮಿಗೆ ಹೊಸದಾಗಿ ಬರುವುದು ಧೂಳು.

ತಮಾಷೆ ಬಿಡಿ. ನಮ್ಮಲ್ಲಿ ಸಮ್ಮರಿ ಹೀಗೆ ಶುರುವಾಗುತ್ತದೆ: ‘ಕೆ/ಸಿ/ಓ ಡಿಎಂ, ಎಚ್‌ಟಿಎನ್’. ಕೆ/ಸಿ/ಓ ಅಂದರೆ ಮೊದಲೇ ಗೊತ್ತಿರುವ ಕಾಯಿಲೆ, ಡಿಎಂ ಡಯಾಬಿಟಿಸ್, ಎಚ್‌ಟಿಎನ್ ಬಿಪಿ. ಟೈಪ್ 1ನೋ 2ನೋ, ಸ್ಟೇಜ್ ಎಷ್ಟು, ಯಾವುದೂ ಇರುವುದಿಲ್ಲ. ಎಚ್‌ಐವಿ ಇದ್ದರೆ ‘ರೆಟ್ರೋ ಪಾಸಿಟಿವ್’ ಅಂತ ಗುಟ್ಟಾಗಿ ಬರೆಯುತ್ತಾರೆ. ಗುಟ್ಟು ಕಾಯಬೇಕು, ಸರಿ. ಆದರೆ ಬರೀ ಸೋಂಕಿದೆಯೋ, ಅದರಿಂದ ಬೇರೆ ಕಾಯಿಲೆ ಶುರುವಾಗಿದೆಯೋ ಅಂತ ಕೋಡ್‌ಗೆ ಗೊತ್ತಾಗಬೇಕಲ್ಲ? ಬರೀ ಸೋಂಕಿಗೆ ಝಡ್21, ಕಾಯಿಲೆ ಶುರುವಾಗಿದ್ದರೆ ಬಿ20 ಮುಂದಿನ ಗುಂಪು.

ಕೋಡ್ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 2025ರ ಜನವರಿಯಲ್ಲಿ ಇಲ್ಲಿ ಸಿಂಹಗಡ ರಸ್ತೆ ಕಡೆ ಗೀಯಾನ್ ಬಾರೆ ಸಿಂಡ್ರೋಮ್ ಎದ್ದಿತ್ತು, ಜಿಬಿಎಸ್, ಕೈಕಾಲು ಸೋಲಿಸುವ ನರದ ಕಾಯಿಲೆ. ನಿಮಗೆಲ್ಲ ನೆನಪಿರಬಹುದು. ನೀರಿನ ಮೇಲೆ ಅನುಮಾನ, ಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತ್ತು. ಒಂದು ಮಧ್ಯಾಹ್ನ ಮೇಲಿನಿಂದ ಫೋನ್ ಬಂತು: ಕಳೆದ ಮೂರು ತಿಂಗಳ ಜಿಬಿಎಸ್ ಕೇಸ್‌ಗಳ ಪಟ್ಟಿ ಸಂಜೆಯೊಳಗೆ ಬೇಕು. ಸುಲಭ ಅಲ್ವಾ? ಜಿಬಿಎಸ್‌ನ ಕೋಡ್ ಜಿ61.0 ಹಾಕಿ ಹುಡುಕಿದೆ. ನಾಲ್ಕು ಫೈಲ್ ಬಂತು. ವಾರ್ಡ್ ಸಿಸ್ಟರ್ ಹತ್ತಿರ ಕೇಳಿದರೆ, ‘ತಾಯೀ, ನನಗೆ ನೆನಪಿರುವುದೇ ಆರು’ ಅಂದರು.

ಇನ್ನೆರಡು ಎಲ್ಲಿ? ಕೈಯಿಂದ ಹುಡುಕಿದೆ. ಒಂದರಲ್ಲಿ ಡಾಕ್ಟರ್ ‘ಎಐಡಿಪಿ’ ಅಂತ ಬರೆದಿದ್ದರು, ಇನ್ನೊಂದರಲ್ಲಿ ‘ಅಮಾನ್ ವೇರಿಯೆಂಟ್’. ಎರಡೂ ಜಿಬಿಎಸ್‌ನದೇ ಬಗೆ. ನಮ್ಮ ಹೊಸ ಹುಡುಗನಿಗೆ ಗೊತ್ತಿರಲಿಲ್ಲ, ನರದ ಕಾಯಿಲೆ ಅಂತ ಎರಡಕ್ಕೂ ಜಿ62.9 ಕೊಟ್ಟಿದ್ದ. ಅಂದರೆ ‘ಯಾವುದೋ ನರಗಳ ತೊಂದರೆ, ವಿವರ ಇಲ್ಲ’. ಹುಡುಗನನ್ನು ಬೈಯಲಿಲ್ಲ. ಆ ಫೈಲ್ ನನ್ನ ಸಹಿ ದಾಟಿಯೇ ಹೋಗಿತ್ತು.

ಡೊಂಬಿವಲಿ_ಫಾಸ್ಟ್

ನಾನು ಕೋಡರ್ ಅಲ್ಲ, ಬ್ಯಾಂಕ್‌ನಲ್ಲಿ ಕೆಲಸ. ಹೆಂಡತಿ ಈ ಚರ್ಚೆ ತೋರಿಸಿದಳು. ನಮ್ಮ ಮನೆಯ ಕಥೆ ಹೇಳಿಬಿಡುತ್ತೇನೆ, ಉತ್ತರ ಗೊತ್ತಿದ್ದವರು ಹೇಳಿ.

ಅಪ್ಪನಿಗೆ ಎಪ್ಪತ್ತಾರು. ಊರು ಕುಂದಾಪುರ ಕಡೆ, ಮುಂಬೈಗೆ ಬಂದು ಕ್ಯಾಂಟೀನ್ ನಡೆಸಿದವರು. ಸುಮಾರು ಮೂವತ್ತು ವರ್ಷದ ಹಿಂದೆ ಟಿಬಿ ಆಗಿತ್ತು, ಔಷಧಿ ಪೂರ್ತಿ ತೆಗೆದುಕೊಂಡು ಗುಣವಾಗಿತ್ತು. ಈ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಒಂದು ಆಸ್ಪತ್ರೆಗೆ ಸೇರಿಸಿದೆವು. ಐದು ದಿನದಲ್ಲಿ ಮನೆಗೆ ಬಂದರು. ಆಮೇಲೆ ಕ್ಲೇಮ್ ನಿಂತಿತು. ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವ ಟಿಪಿಎಯಿಂದ ಪತ್ರ: ‘ಶ್ವಾಸಕೋಶದ ಟಿಬಿ ಯಾವಾಗ ಶುರುವಾಯಿತು, ಚಿಕಿತ್ಸೆಯ ದಾಖಲೆ ಕಳಿಸಿ.’

ಪತ್ರವನ್ನು ನಾನು ಆಫೀಸಿನಿಂದ ಬರುವ ಮೊದಲೇ ಅಮ್ಮ ಓದಿದ್ದರು. ಬಂದು ನೋಡಿದರೆ ಅಪ್ಪನ ತಟ್ಟೆ, ಲೋಟ ಬೇರೆ ಗೂಡಿಗೆ ಹೋಗಿವೆ. ಮೊಮ್ಮಗಳನ್ನು ಒಳಗಿನ ಕೋಣೆಗೆ ಕಳಿಸಿದ್ದಾರೆ. ಅಪ್ಪ ಬಾಲ್ಕನಿಯಲ್ಲಿ ಒಬ್ಬರೇ ಕೂತಿದ್ದರು, ಒಂದು ಮಾತೂ ಆಡಲಿಲ್ಲ.

ಸಮ್ಮರಿ ತೆಗೆದು ನೋಡಿದೆ. ‘ನ್ಯುಮೋನಿಯಾ, ಓಲ್ಡ್ ಕಾಕ್ಸ್’ ಅಂತ ಇದೆ. ಪಕ್ಕದಲ್ಲಿ ಜೆ18.9, ಎ16.2. ಏನಿದು?

ರೆಕಾರ್ಡ್‌ರೂಮ್_ಅಕ್ಕ

ಅಯ್ಯೋ. ಮೊದಲು ಅಮ್ಮನಿಗೆ ಹೇಳಿ, ತಟ್ಟೆ ವಾಪಸ್ ಜಾಗಕ್ಕೆ ಇಡಲಿ.

ಕಾಕ್ಸ್ ಅಂದರೆ ಟಿಬಿ. 1882ರಲ್ಲಿ ಟಿಬಿಯ ಕ್ರಿಮಿ ಕಂಡುಹಿಡಿದ ರಾಬರ್ಟ್ ಕಾಖ್ ಹೆಸರು ಅದು. ರೋಗಿಗೆ ಗೊತ್ತಾಗದಿರಲಿ ಅಂತ ನಮ್ಮ ಡಾಕ್ಟರುಗಳು ಆ ಹೆಸರು ಬಳಸುತ್ತಾರೆ. ಓಲ್ಡ್ ಕಾಕ್ಸ್ ಅಂದರೆ ಹಿಂದೆ ಆಗಿತ್ತು, ಈಗ ಇಲ್ಲ. ಎ16.2 ಅಂದರೆ ಈಗಲೂ ಶ್ವಾಸಕೋಶದಲ್ಲಿ ಟಿಬಿ ಇದೆ, ಕಫದ ಪರೀಕ್ಷೆಯಲ್ಲಿ ಖಚಿತವಾಗಿಲ್ಲ ಅಂತ. ಕೋಡ್ ಹಾಕಿದವರು ‘ಓಲ್ಡ್’ ಅನ್ನುವ ಪದವನ್ನೇ ನುಂಗಿದ್ದಾರೆ. ಬರಬೇಕಿದ್ದದ್ದು ಝಡ್86.1, ಹಿಂದೆ ಸೋಂಕು ರೋಗ ಆಗಿತ್ತು ಅನ್ನುವ ಕೋಡ್. ಹಳೆ ಟಿಬಿಯಿಂದ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು ಈಗಲೂ ತೊಂದರೆ ಕೊಡುತ್ತಿದ್ದರೆ ಬಿ90.9. ಉದಾಹರಣೆಗೆ ಬ್ರಾಂಕಿಯೆಕ್ಟಸಿಸ್ (ಶ್ವಾಸನಾಳ ಹಿಗ್ಗಿ ಹಾಳಾಗುವುದು) ಆಗಿದ್ದರೆ ಮೊದಲು ಜೆ47, ಹಿಂದೆ ಬಿ90.9.

ಈಗ ನೀವು ಮಾಡಬೇಕಾದ್ದು: ಆಸ್ಪತ್ರೆಯ ಎಂಆರ್‌ಡಿಗೆ ಒಂದು ಪತ್ರ ಕೊಡಿ, ನೋಡಿಕೊಂಡ ಡಾಕ್ಟರ ಹೆಸರಿಗೆ. ‘2025ರಲ್ಲಿ ಟಿಬಿ ಇಲ್ಲ, ಹಿಂದೆ ಆಗಿ ಗುಣವಾಗಿದೆ’ ಅಂತ ತಿದ್ದುಪಡಿ ಟಿಪ್ಪಣಿ ಬರೆದು, ತಾರೀಕು ಹಾಕಿ ಸಹಿ ಮಾಡಿಕೊಡಲಿ. ಹಳೆ ಹಾಳೆ ಹರಿಯುವ ಹಾಗಿಲ್ಲ, ಅಳಿಸಿ ಬರೆಯುವ ಹಾಗೂ ಇಲ್ಲ, ಅದರ ಪಕ್ಕಕ್ಕೆ ಹೊಸದು ಸೇರಬೇಕು. ಅದರ ಪ್ರತಿ ಟಿಪಿಎಗೆ ಕಳಿಸಿ. ಟಿಬಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿ ಆಸ್ಪತ್ರೆಗೂ ಕಡ್ಡಾಯ, ಆದ್ದರಿಂದ ಅಪ್ಪನ ಹೆಸರು ಸರ್ಕಾರದ ಟಿಬಿ ಪಟ್ಟಿ ನಿಕ್ಷಯ್‌ನಲ್ಲಿ ಸೇರಿದೆಯಾ ಅಂತಲೂ ಅಲ್ಲೇ ಕೇಳಿ.

ಡ್ಯೂಟಿ_ಡಾಕ್ಟರ್

ಸ್ವಲ್ಪ ನಮ್ಮ ಕಡೆಯೂ ಕೇಳಿ. ಮುಂಬೈನ ಒಂದು ಆಸ್ಪತ್ರೆಯಲ್ಲಿ ಮೆಡಿಸಿನ್ ರೆಸಿಡೆಂಟ್ ನಾನು. ಜುಲೈ ತಿಂಗಳಲ್ಲಿ ಒಂದು ಹಾಸಿಗೆಗೆ ಇಬ್ಬರು. ಬೆಳಗಿನ ಜಾವ ಮೂರಕ್ಕೆ ಸಮ್ಮರಿ ಬರೆಯುತ್ತೇವೆ. ‘? ಡೆಂಗೂ’ ಅಂತ ಬರೆಯುವುದು ಸೋಮಾರಿತನಕ್ಕಲ್ಲ, ರಿಪೋರ್ಟ್ ಇನ್ನೂ ಬಂದಿರುವುದಿಲ್ಲ. ಅಷ್ಟರಲ್ಲಿ ಎಂಆರ್‌ಡಿಯಿಂದ ಚೀಟಿ: ‘ಡಾಕ್ಟರ್, ಪ್ರಶ್ನೆ ಚಿಹ್ನೆ ತೆಗೆಯಿರಿ.’ ತೆಗೆದರೆ ಸುಳ್ಳು ಬರೆದ ಹಾಗೆ ಅಲ್ವಾ?

ರೆಕಾರ್ಡ್‌ರೂಮ್_ಅಕ್ಕ

ಡಾಕ್ಟ್ರೇ, ಹಾಗೆ ಚೀಟಿ ಬರೆದವರದ್ದೇ ತಪ್ಪು, ಒಪ್ಪುತ್ತೇನೆ. ಆದರೆ ನಿಮ್ಮ ಪ್ರಶ್ನೆ ಚಿಹ್ನೆಗೆ ಪುಸ್ತಕದಲ್ಲಿ ಕೋಡ್ ಇಲ್ಲ. ರೋಗಿ ಮನೆಗೆ ಹೋಗುವ ಹೊತ್ತಿಗೂ ‘? ಡೆಂಗೂ’ ಒಂದೇ ಇದ್ದರೆ, ನಿಯಮದ ಪ್ರಕಾರ ನಾವು ಡೆಂಗೂ ಅಂತಲೇ ಹಾಕಬೇಕು. ಚಿಹ್ನೆ ಅಲ್ಲೇ ಉದುರಿಹೋಗುತ್ತದೆ. ಎರಡು ದಿನ ಬಿಟ್ಟು ನೆಗೆಟಿವ್ ರಿಪೋರ್ಟ್ ಬಂದರೆ ಯಾರೂ ಫೈಲ್‌ಗೆ ಸೇರಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಒಂದು ಡೆಂಗೂ ಉಳಿದುಬಿಡುತ್ತದೆ. ಹೊಸ ಎ97 ಗುಂಪಿನಲ್ಲಿ ಎಚ್ಚರಿಕೆ ಲಕ್ಷಣ ಇತ್ತೋ ಇಲ್ಲವೋ ಅಂತಲೂ ಹೇಳಬೇಕು, ಅದನ್ನಂತೂ ಯಾರೂ ಬರೆಯುವುದೇ ಇಲ್ಲ. ರಿಪೋರ್ಟ್ ಬಂದ ದಿನ ಒಂದು ಸಾಲು ಬರೆಯಿರಿ, ಅಷ್ಟು ಸಾಕು.

ಎಕ್ಸ್‌ಕ್ಲೂಡ್ಸ್_ಒನ್

ಅಮೆರಿಕದ ಇನ್‌ಪೇಶಂಟ್‌ನಲ್ಲೂ ಹೀಗೇ. ‘ಪ್ರಾಬಬಲ್’ ಅಂತಿದ್ದರೂ ಇದೆ ಅಂತಲೇ ಕೋಡ್. ಔಟ್‌ಪೇಶಂಟ್‌ನಲ್ಲಿ ಮಾತ್ರ ಹಾಗಿಲ್ಲ, ಅಲ್ಲಿ ಜ್ವರ ಇದ್ದರೆ ಜ್ವರದ ಆರ್50.9 ಅಷ್ಟೇ. ಎಚ್‌ಐವಿ, ಕೋವಿಡ್, ಝೀಕಾ ಇವುಗಳಿಗೆ ಎಲ್ಲಿದ್ದರೂ ಖಚಿತ ಅಂತ ಬರೆದಿರಲೇಬೇಕು. ಹೊಸಬರು ಎಡವುವುದು ಇಲ್ಲೇ.

ಡ್ಯೂಟಿ_ಡಾಕ್ಟರ್

ಸರಿ ಅಕ್ಕಾ, ಒಂದು ಸಾಲು ಬರೆಯುತ್ತೇನೆ. ಅದಕ್ಕಿಂತ ದೊಡ್ಡ ತಲೆನೋವು ಫಾರಂ 4, ಮರಣ ಕಾರಣದ ಪ್ರಮಾಣಪತ್ರ. ಸೀನಿಯರ್ ಒಬ್ಬರು ಮೊದಲ ದಿನವೇ ಹೇಳಿಕೊಟ್ಟಿದ್ದು: ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್ ಅಂತ ಬರಿ, ಯಾರೂ ಪ್ರಶ್ನೆ ಕೇಳುವುದಿಲ್ಲ.’

ರೆಕಾರ್ಡ್‌ರೂಮ್_ಅಕ್ಕ

ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ ಡಾಕ್ಟ್ರೇ! ಅದು ಸಾವು, ಸಾವಿನ ಕಾರಣ ಅಲ್ಲ.

ನಿಮ್ಮ ಮುಂಬೈನದೇ ಉದಾಹರಣೆ. ಮಂಡಿಯುದ್ದ ನೀರಿನಲ್ಲಿ ನಡೆದು ಬಂದವನಿಗೆ ಲೆಪ್ಟೋ (ಲೆಪ್ಟೋಸ್ಪೈರೋಸಿಸ್, ಇಲಿಜ್ವರ) ಆಗಿದೆ. ಮೊದಲೇ ಡಯಾಬಿಟಿಸ್ ಇದೆ. ಶ್ವಾಸಕೋಶದಲ್ಲಿ ರಕ್ತಸ್ರಾವ ಆಗಿ ತೀರಿಕೊಂಡ. ಫಾರಂನ ಒಂದನೇ ಭಾಗದ ಮೊದಲ ಸಾಲಿನಲ್ಲಿ ರಕ್ತಸ್ರಾವ, ಅದರ ಕೆಳಗಿನ ಸಾಲಿನಲ್ಲಿ ಲೆಪ್ಟೋಸ್ಪೈರೋಸಿಸ್. ಡಯಾಬಿಟಿಸ್ ಎರಡನೇ ಭಾಗಕ್ಕೆ. ಕೆಳಗಿನ ಸಾಲಿನಲ್ಲಿ ಇರುವುದೇ ಮೂಲ ಕಾರಣ, ಲೆಕ್ಕಕ್ಕೆ ಹೋಗುವುದು ಅದು, ಎ27.9. ನೀವು ಬರೀ ಅರೆಸ್ಟ್ ಅಂತ ಬರೆದರೆ ಐ46.9. ಇಲಿಯ ಮೂತ್ರ ಸೇರಿದ ನೀರಿನಿಂದ ಸತ್ತವನು ಹೃದಯದ ಅಧ್ಯಾಯಕ್ಕೆ ಹೋಗಿ ಕೂರುತ್ತಾನೆ. 2005ರ ಜುಲೈ 26ರ ಮಳೆ ಆದಮೇಲೆ ನಿಮ್ಮೂರಲ್ಲಿ ಲೆಪ್ಟೋ ಹೇಗೆ ಎದ್ದಿತ್ತು ಅಂತ ನಿಮ್ಮ ಸೀನಿಯರ್‌ಗಳನ್ನೇ ಕೇಳಿ. ಅದು ಕಂಡದ್ದು ಹೆಸರಿಟ್ಟು ಬರೆದವರಿದ್ದರು ಅಂತ.

ಮಾಂಡವಿ_ತೀರ

ಗೋವಾದಿಂದ ನನ್ನದೂ ಒಂದು. ನಾನು ವಾಳ್ಪೈ ಹತ್ತಿರ ಡೇಟಾ ಎಂಟ್ರಿ ಕೆಲಸದಲ್ಲಿದ್ದೆ, ಮೂಲ ಊರು ಸಾಗರ. ಐಸಿಡಿಯ ಅಷ್ಟು ದಪ್ಪ ಪುಸ್ತಕದಲ್ಲಿ ನಮ್ಮ ಕಡೆಯ ಕಾಡಿನ ಹೆಸರೂ ಒಂದಿದೆ, ಗೊತ್ತಾ? ಎ98.2, ಕ್ಯಾಸನೂರು ಫಾರೆಸ್ಟ್ ಡಿಸೀಸ್. ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. 2015ರಲ್ಲಿ ಇಲ್ಲಿ ಸತ್ತರಿ ತಾಲ್ಲೂಕಿಗೂ ಬಂತು. ಗೇರುಬೀಜ ಆರಿಸಲು ಕಾಡಿಗೆ ಹೋದವರಿಗೆ ಉಣ್ಣೆ ಕಚ್ಚಿ ಜ್ವರ.

ನಾನು ಮೊದಲ ಸಲ ಆ ಕೋಡ್ ಟೈಪ್ ಮಾಡಿದಾಗ ಪಕ್ಕದ ಕೊಂಕಣಿ ಹುಡುಗಿ, ‘ಇದು ಎಲ್ಲಿದೆ, ಆಫ್ರಿಕಾನಾ?’ ಅಂತ ಕೇಳಿದಳು. ನನ್ನ ಅಜ್ಜಿಮನೆಯಿಂದ ಬಸ್ಸಿನಲ್ಲಿ ಹೋಗಬಹುದು ಅಂದೆ. ಹೆಮ್ಮೆ ಪಡುವ ವಿಷಯ ಅಲ್ಲ, ಆದರೂ ಒಂಥರಾ ಆಯಿತು.

ಅಲ್ಲಿಯೂ ಅಕ್ಕ ಹೇಳಿದ್ದೇ ಕಥೆ. ರಕ್ತದ ರಿಪೋರ್ಟ್ ಬರುವ ತನಕ ಎಲ್ಲರಿಗೂ ಆರ್50.9. ಬಂದ ಮೇಲೆ ಹಿಂದಿನ ಫೈಲ್ ತೆಗೆದು ಬದಲಾಯಿಸಿದರೆ ಮಾತ್ರ ಕಾಯಿಲೆ ಲೆಕ್ಕಕ್ಕೆ ಬರುತ್ತದೆ. ಇಲ್ಲದಿದ್ದರೆ ಗೇರು ಸೀಸನ್‌ನಲ್ಲಿ ಸುಮ್ನೆ ಒಂದಷ್ಟು ಜನಕ್ಕೆ ಜ್ವರ ಬಂದಿತ್ತು ಅಂತ ಆಗುತ್ತದೆ.

ವಾಶಿ_ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬಿಎಸ್ಸಿ ಮುಗಿಸಿದ್ದೇನೆ. ಕೋಡರ್‌ಗಳ ಪ್ರಮಾಣಪತ್ರಕ್ಕೆ ಸಿಪಿಸಿ ಪರೀಕ್ಷೆ ಬರೆಯಬೇಕಾ? ಎಐ ಬಂದು ಈ ಕೆಲಸ ಹೋಗುತ್ತದೆ ಅನ್ನುತ್ತಾರಲ್ಲ?

ಎಕ್ಸ್‌ಕ್ಲೂಡ್ಸ್_ಒನ್

ಬರಿ. 100 ಪ್ರಶ್ನೆ, 4 ಗಂಟೆ, ಪುಸ್ತಕ ತೆರೆದು ಬರೆಯಬಹುದು. ಪುಸ್ತಕ ಇದೆ ಅಂತ ಓದದೆ ಹೋದವರು ಪುಟ ತಿರುವುತ್ತಲೇ ಸಮಯ ಕಳೆದುಕೊಳ್ಳುತ್ತಾರೆ. ಎಐ ವಿಷಯ: ನಮ್ಮಲ್ಲಿ ಸಾಫ್ಟ್‌ವೇರ್ ಮೊದಲೇ ಕೋಡ್ ಸೂಚಿಸುತ್ತದೆ. ಹೋದ ವಾರ ಅದು ‘ತಂದೆಗೆ ಡಯಾಬಿಟಿಸ್ ಇತ್ತು’ ಅನ್ನುವ ಸಾಲು ಓದಿ ಮಗನಿಗೆ ಇ11.9 ಕೊಟ್ಟಿತ್ತು. ಇನ್ನೂ ಸ್ವಲ್ಪ ದಿನ ನಮಗೆ ಅನ್ನ ಇದೆ.

ಐರೋಲಿ_ಗೂಬೆ

ನಾಲ್ಕು ದಿನದ ಮೇಲೆ ಬಂದೆ. ಆ ಚಾರ್ಟ್‌ಗೆ ಕ್ವೆರಿ ಹೋಗಿತ್ತು. ಮೊದಲ ಸಲ ನಾನೇ ಬರೆದೆ: ‘ದಯವಿಟ್ಟು ಸೆಪ್ಸಿಸ್ ಇತ್ತು ಎಂದು ಖಚಿತಪಡಿಸಿ.’ ಲೀಡ್ ಅದನ್ನು ಹರಿದರು. ಉತ್ತರ ನಾವೇ ಬಾಯಿಗೆ ಇಡುವ ಹಾಗೆ ಕೇಳಬಾರದಂತೆ, ದುಡ್ಡಿನ ಮಾತಂತೂ ಎತ್ತಲೇಬಾರದಂತೆ. ಎರಡನೇ ಸಲ ಜ್ವರ, ನಾಡಿ, ಬಿಳಿ ರಕ್ತಕಣ, ಎರಡೂ ಕಲ್ಚರ್ ಎಲ್ಲ ಬರೆದು, ‘ಯೂರೋಸೆಪ್ಸಿಸ್’ ಅಂದರೆ ಇಲ್ಲಿ ಏನರ್ಥ ಅಂತ ಕೇಳಿದೆ. ಕೆಳಗೆ ಆಯ್ಕೆ ಕೊಟ್ಟೆ: ಮೂತ್ರದ ಸೋಂಕಿನಿಂದ ಸೆಪ್ಸಿಸ್, ಸೆಪ್ಸಿಸ್ ಇಲ್ಲದ ಮೂತ್ರದ ಸೋಂಕು, ಬೇರೆ ಏನಾದರೂ, ಹೇಳಲು ಆಗುವುದಿಲ್ಲ.

ಇವತ್ತು ಬೆಳಗಿನ ಜಾವ ಉತ್ತರ ಬಂತು. ಎರಡನೆಯದಕ್ಕೆ ಟಿಕ್. ಸೆಪ್ಸಿಸ್ ಇಲ್ಲ.

ಎನ್39.0, ಜೊತೆಗೆ ಕ್ರಿಮಿಗೆ ಬಿ96.20. ಇ11.22, ಐ12.9, ಎನ್18.32, ಝಡ್79.4. ಹಾಕಿ ಕಳಿಸಿದೆ.

ಎಕ್ಸ್‌ಕ್ಲೂಡ್ಸ್_ಒನ್

ಬಿ96.20 ಮರೆಯದೆ ಹಾಕಿದ್ದೀಯಲ್ಲ, ಅದನ್ನು ನಾನೂ ಹೇಳಿರಲಿಲ್ಲ. ಮಲಗು ಈಗ.

ಡೊಂಬಿವಲಿ_ಫಾಸ್ಟ್

ಅಕ್ಕಾ, ತಿದ್ದುಪಡಿ ಟಿಪ್ಪಣಿ ಸಿಕ್ಕಿತು. ಎರಡು ಸಲ ಓಡಾಡಿಸಿದರು, ಮೂರನೇ ಸಲ ಡಾಕ್ಟರೇ ಕೂತು ಬರೆದರು. ನಿಕ್ಷಯ್‌ನಲ್ಲಿ ಹೆಸರು ಸೇರಿಲ್ಲವಂತೆ. ಕ್ಲೇಮ್ ಇನ್ನೂ ಬಂದಿಲ್ಲ. ಟಿಪ್ಪಣಿಯ ಝೆರಾಕ್ಸ್ ಅನ್ನು ಅಪ್ಪ ಅಡುಗೆಮನೆಯ ಫ್ರಿಜ್‌ಗೆ ಅಂಟಿಸಿದ್ದಾರೆ, ಅಮ್ಮನ ಕಣ್ಣಿಗೆ ಬೀಳುವ ಎತ್ತರಕ್ಕೆ.